ಕೊನೇ ಬೆಂಚಿನ ಊಹೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆ ಮುಂಜಾನೆ ಪೇಪರು ಬಿಚ್ಚಿದವರ ಕಣ್ಣು ಮೊದಲು ಹೋಗುವುದು ಡ್ಯಾಮಿನ ಮಟ್ಟ ಬರೆದ ಸಣ್ಣ ಚೌಕಕ್ಕೆ. ನವಿಲುತೀರ್ಥ, ಗರಿಷ್ಠ ಮಟ್ಟ 2079.50 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಮಳೆ ಜೋರಾದರೆ ಎಂ.ಕೆ. ಹುಬ್ಬಳ್ಳಿಯ ಸೇತುವೆ ಕೆಳಗೆ ಮಲಪ್ರಭೆಯ ನೀರು ಕೆಂಪಾಗುತ್ತದೆ. ಅದರ ಬೆನ್ನಿಗೇ ಸವದತ್ತಿಯ ಚಹಾದಂಗಡಿಗಳ ಮಾತಿನ ಧಾಟಿ ಬದಲಾಗುತ್ತದೆ. "ಈ ಸಲ ತುಂಬತೈತಿ ಬಿಡ್ರಿ" ಎಂದು ಒಬ್ಬರು ಹೇಳಿದರೆ ಉಳಿದವರು ಬೆರಳು ಮಡಚಿ ಟಿಎಂಸಿ ಲೆಕ್ಕ ಹಾಕುತ್ತಾರೆ.

ಆ ಚೌಕವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಒಂದು ದಿನ ಒಂಬತ್ತನೇ ತರಗತಿಗೆ ಹೋದೆ. ಶಾಲೆಗೆ ಪ್ರೊಜೆಕ್ಟರ್ ಬಂದ ಹೊಸತು. ಅಣೆಕಟ್ಟುಗಳ ಮೇಲಿನ ಹತ್ತು ನಿಮಿಷದ ಒಂದು ಚಂದದ ವಿಡಿಯೊ ಪೆನ್‌ಡ್ರೈವಿನಲ್ಲಿ ಸಿದ್ಧವಿತ್ತು. ಅದಕ್ಕೆ ಪೀಠಿಕೆಯಾಗಲಿ ಎಂದು ಕೇಳಿದೆ: "ಒಂದು ಟಿಎಂಸಿ ಅಂದ್ರ ಎಷ್ಟ್ ನೀರಪಾ?"

ಮೊದಲ ಬೆಂಚಿನ ಹುಡುಗ ಎದ್ದು, "ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್ ರೀ ಸರ್" ಎಂದ. ತಪ್ಪಲ್ಲ. ಆದರೆ ಅವನು ಬಿಡಿಸಿ ಹೇಳಿದ್ದು ಹೆಸರನ್ನು. ನೀರು ಎಷ್ಟೆಂಬುದು ಅಲ್ಲಿ ಎಲ್ಲೂ ಇರಲಿಲ್ಲ. "ಅಂದ್ರ ಎಷ್ಟು?" ಎಂದೆ. ಸುಮ್ಮನಾದ. ಒಬ್ಬ ಹತ್ತು ಕೆರೆ ಎಂದ. ಇನ್ನೊಬ್ಬ ಯಲ್ಲಮ್ಮನ ಗುಡ್ಡದಷ್ಟು ಎಂದ. ಕೊನೇ ಬೆಂಚಿನಿಂದ ಒಂದು ಹುಡುಗಿ, ಯಾರಿಗೂ ಕೇಳಬಾರದೆಂಬಂತೆ, "ನಮ್ಮೂರ ಹೊಲಾ ಎಲ್ಲಾ ಮುಳಗತಾವು" ಎಂದಳು. ಪಕ್ಕದವರು ನಕ್ಕರು. ನಾನು ನಗಲಿಲ್ಲ. ಆದರೆ ನಿಲ್ಲಲೂ ಇಲ್ಲ. "ಈಗ ನೋಡ್ರಿ" ಎಂದು ಗುಂಡಿ ಒತ್ತಿದೆ.

ಹತ್ತು ನಿಮಿಷ ತರಗತಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ನೀಲಿ ನೀರು, ತಿರುಗುವ ಟರ್ಬೈನು, ಬಾಣದ ಗುರುತುಗಳು, ಇಂಪಾದ ದನಿ. ಮಕ್ಕಳ ಮುಖಗಳ ಮೇಲೆ ಬೆಳಕು ಆಡುತ್ತಿತ್ತು. ಆ ಮೌನವನ್ನು ನಾನು ಕಲಿಕೆ ಎಂದುಕೊಂಡೆ. ಗಂಟೆ ಬಾರಿಸಿತು, ಎಲ್ಲರೂ ಹೋದರು. ಒಂದು ಟಿಎಂಸಿ ಎಂದರೆ ಎಷ್ಟೆಂಬುದು ಯಾರಿಗೂ ಗೊತ್ತಾಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಾಗಿರಲಿಲ್ಲ.

ರಾತ್ರಿ ಊಟವಾದ ಮೇಲೆ ಆ ಹುಡುಗಿಯ ಮಾತು ಮರಳಿ ಬಂತು. ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾಗಿಸಿದಾಗ ಬಂದದ್ದು 22,956 ಚಿಲ್ಲರೆ. ಒಂದು ಟಿಎಂಸಿ ನೀರು ಸುಮಾರು 23 ಸಾವಿರ ಎಕರೆ ಹೊಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುತ್ತದೆ. ಪೆನ್ನು ಕೆಳಗಿಟ್ಟೆ. ನೀರಾವರಿ ಎಂಜಿನಿಯರರು ನೀರನ್ನು ಎಕರೆ-ಅಡಿಯಲ್ಲೂ ಅಳೆಯುತ್ತಾರೆ. ಹೊಲದ ವಿಸ್ತಾರ, ಅದರ ಮೇಲೆ ನಿಂತ ನೀರಿನ ಎತ್ತರ: ಎಂಜಿನಿಯರರ ಆ ಅಳತೆಯ ಬಾಗಿಲಿಗೆ ಆ ಹುಡುಗಿ ತನ್ನ ಕಾಲಿನಿಂದಲೇ ನಡೆದು ಬಂದು ನಿಂತಿದ್ದಳು. ನಾನು ಅವಳ ಮುಂದೆ ತೆರೆ ಇಳಿಬಿಟ್ಟು ಬಾಗಿಲು ಮುಚ್ಚಿದ್ದೆ.

ಮರುದಿನ ಪ್ರೊಜೆಕ್ಟರಿನ ಕಡೆ ನೋಡಲಿಲ್ಲ. ಅವಳನ್ನು ಎಬ್ಬಿಸಿ, "ನಿನ್ನೆ ನೀ ಹೇಳಿದ್ದು ಖರೇ ಏನು ನೋಡೋಣು ಬಾ" ಎಂದೆ. ಅವಳೂರಿನ ಜಮೀನು ಎರಡು ಸಾವಿರ ಎಕರೆ ಎಂದು ಹಿಡಿದೆವು. ಎಷ್ಟು ಅಡಿ ನೀರು ನಿಂತೀತು ಎಂದು ಮೊದಲು ಎಲ್ಲರೂ ಊಹಿಸಿ ಬರೆದಿಡಬೇಕು, ಆಮೇಲೆ ಕ್ಯಾಲ್ಕುಲೇಟರ್ ಕೊಡುತ್ತೇನೆ ಎಂದೆ. ಒಂದು ಬೊಟ್ಟಿನಿಂದ ಸಾವಿರ ಅಡಿಯವರೆಗೆ ಊಹೆಗಳು ಬಂದವು. ಉತ್ತರ ಹನ್ನೊಂದೂವರೆ ಅಡಿ. ನಿಂತ ಜ್ವಾಳ ಮುಳುಗುತ್ತದೆ, ಎತ್ತು ಮುಳುಗುತ್ತದೆ, ಹಳೇ ಮನೆಗಳ ಮಾಳಿಗೆಯೂ ಮುಳುಗುತ್ತದೆ. "ಮುಳಗತಾವು ಅಂತ ನಾ ಹೇಳಿದ್ನೆಲ್ರಿ" ಎಂದಳು. ಆ ವರ್ಷ ಅವಳು ತರಗತಿಯಲ್ಲಿ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಮಕ್ಕಳು ತಾವಾಗಿಯೇ ಮುಂದೆ ಹೋದರು. ನವಿಲುತೀರ್ಥದಲ್ಲಿ ತುಂಬಿದಾಗ ನಿಲ್ಲುವುದು 37.73 ಟಿಎಂಸಿ. ಎಂಟೂವರೆ ಲಕ್ಷ ಎಕರೆಗೂ ಹೆಚ್ಚು ನೆಲದ ಮೇಲೆ ಒಂದಡಿ ನೀರು. ಆ ಅಂಕಿಯನ್ನು ಯಾರೋ ಬೋರ್ಡಿನ ಮೂಲೆಯಲ್ಲಿ ಬರೆದರು. ವಾರವಾದರೂ ಯಾರೂ ಒರೆಸಲಿಲ್ಲ.

ಗಣಿತ, ವಿಜ್ಞಾನದ ಪಾಠಕ್ಕೆ ಯಂತ್ರ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಅನೇಕ ತರಬೇತಿಗಳಲ್ಲಿ ಕೇಳಿದ್ದೇನೆ. ಆ ಎರಡು ದಿನಗಳ ನಂತರ ನನಗೆ ಆ ಪ್ರಶ್ನೆಯಲ್ಲಿ ರುಚಿ ಉಳಿಯಲಿಲ್ಲ. ಯಂತ್ರ ಬರಲಿ. ಮಗುವಿನ ಊಹೆಗಿಂತ ಮೊದಲು ಬರುತ್ತದೋ, ನಂತರ ಬರುತ್ತದೋ ಎಂಬುದಷ್ಟೇ ನನ್ನ ಚಿಂತೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಮುಂದೆ ಓದಿದೆ. ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸಿದಾಗ, ಸುಮ್ಮನೆ ನೋಡಿದ ವಿದ್ಯಾರ್ಥಿಗಳು ಪ್ರಯೋಗವನ್ನೇ ನೋಡದವರಿಗಿಂತ ಹೆಚ್ಚೇನೂ ಅರಿತಿರಲಿಲ್ಲವಂತೆ. ಏನಾದೀತು ಎಂದು ಮೊದಲೇ ಊಹಿಸಿ ನೋಡಿದವರು ಮುಂದಿದ್ದರು. ಅಷ್ಟು ದೊಡ್ಡ ವಿದ್ಯಾಪೀಠದಲ್ಲಿ ಕಂಡ ಸಂಗತಿ ನಮ್ಮ ಕೊನೇ ಬೆಂಚಿನಲ್ಲೂ ಕಂಡಿತ್ತು ಎಂದು ನನಗೆ ಸಮಾಧಾನವಾಯಿತು, ಜೊತೆಗೆ ಸಂಕಟವೂ ಆಯಿತು. ಅಷ್ಟು ವರ್ಷ ಎಷ್ಟು ಊಹೆಗಳ ಮೇಲೆ ತೆರೆ ಎಳೆದಿದ್ದೆನೋ.

ಊಹೆ ಎಂದರೆ ತಪ್ಪುವ ಹಕ್ಕು. ಹಳೆಯ ಪಾಟಿಯನ್ನು ನೆನೆಯುತ್ತೇನೆ. ಪಾಟಿ, ಬಳಪ ಕೂಡ ಒಂದು ಕಾಲದ ತಂತ್ರಜ್ಞಾನವೇ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಕಾಲದ ಹಳ್ಳಿಯ ಸಾಲಿಗಳಲ್ಲಿ ಇದ್ದ ದೊಡ್ಡ ಸಲಕರಣೆ ಎಂದರೆ ಪಾಟಿಯೇ. ಪಾಟಿಯ ಹೆಚ್ಚುಗಾರಿಕೆ ಬರೆಯುವುದರಲ್ಲಿ ಇರಲಿಲ್ಲ, ಅಳಿಸುವುದರಲ್ಲಿತ್ತು. ತಪ್ಪಿದರೆ ಅಂಗೈ ಸಾಕು, ಅಂಗಿಯ ತುದಿ ಸಾಕು. ತಪ್ಪಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಹಾಗಾಗಿ ಮಗು ಧೈರ್ಯವಾಗಿ ತಪ್ಪುತ್ತಿತ್ತು. ಪಾವಕಿ, ನಿಮಕಿ, ದೀಡಕಿ ಎಂದು ಮುಂಬೈ ಪ್ರಾಂತದ ಕಾಲದ ಭಿನ್ನರಾಶಿ ಮಗ್ಗಿಗಳನ್ನು ರಾಗವಾಗಿ ಹೇಳುತ್ತಿದ್ದ ನಮ್ಮ ಹಿರಿಯರ ಬಾಯಿಪಾಠವನ್ನು ನಾನು ವೈಭವೀಕರಿಸಲಾರೆ. ಆ ರಾಗದೊಳಗೆ ಬೆತ್ತದ ಸದ್ದೂ ಇತ್ತು. ಆದರೆ ಪಾಟಿಯ ಔದಾರ್ಯ ಮಾತ್ರ ದೊಡ್ಡದು. ಹೊಸ ಸಲಕರಣೆ ಯಾವುದೇ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಇದರ ಮುಂದೆ ನಮ್ಮ ಮಗು ನಾಚಿಕೆಯಿಲ್ಲದೆ ತಪ್ಪಬಲ್ಲದೇ?

ತಪ್ಪಲು ಬಿಡುವ ಯಂತ್ರವೊಂದು ನನಗೆ ಸಿಕ್ಕಿತು. ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳನ್ನು ಕಲಿಸಿದ ಕಾಲ ಅದು. ಅದರಲ್ಲಿ ಜಿಯೋಜಿಬ್ರಾ ಎಂಬುದೊಂದು. ಆಸ್ಟ್ರಿಯಾದ ಮಾರ್ಕಸ್ ಹೋಹನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತನ್ನ ಸ್ನಾತಕೋತ್ತರ ಓದಿನ ಭಾಗವಾಗಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ತೆರೆಯ ಮೇಲೆ ಒಂದು ಆಕೃತಿ ಬರೆದು ಅದರ ಮೂಲೆ ಹಿಡಿದು ಎಳೆದರೆ ಆಕೃತಿ ಹಿಗ್ಗುತ್ತದೆ, ಕುಗ್ಗುತ್ತದೆ, ಓರೆಯಾಗುತ್ತದೆ. ಕಂಡದ್ದು ಅಷ್ಟೇ. ಆದರೆ ಅದರಿಂದ ಏನಾಯಿತು ಎಂಬುದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಎರೆಭೂಮಿಯ ಹೊಲಗಳು ಪುಸ್ತಕದ ಆಯತಗಳಂತೆ ಇರುವುದಿಲ್ಲ. ಹಳ್ಳ ತಿರುಗಿದಲ್ಲಿ ಬದು ತಿರುಗುತ್ತದೆ, ಅಣ್ಣತಮ್ಮಂದಿರ ಪಾಲು ಆದಲ್ಲಿ ಇನ್ನೊಂದು ಮೂಲೆ ಹುಟ್ಟುತ್ತದೆ. ಮೊದಲು ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದೆ. ನಾಲ್ಕು ಗೂಟ ಮನಸ್ಸಿಗೆ ಬಂದಲ್ಲಿ ಹೊಡೆಸಿ ಹಗ್ಗ ಬಿಗಿಸಿದೆ. ಅದೊಂದು ಸೊಟ್ಟ ಹೊಲ. ಪ್ರತಿ ಬದುವಿನ ನಟ್ಟನಡುವೆ ಒಂದೊಂದು ಕಲ್ಲು ಇಡಿಸಿದೆ. "ಈ ನಾಲ್ಕು ಕಲ್ಲು ಕೂಡಿಸಿದ್ರ ಒಳಗ ಎಂಥ ಹೊಲ ಆಗತೈತಿ?" ಎಂದೆ. ಸೊಟ್ಟ ಹೊಲದೊಳಗೆ ಇನ್ನಷ್ಟು ಸೊಟ್ಟ ಹೊಲ ಎಂದು ಬಹುಮಂದಿ ಹೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಸುಣ್ಣದ ಪುಡಿ ಎಳೆದು ನೋಡಿದರೆ ಎದುರುಬದುರು ಗೆರೆಗಳು ಒಂದಕ್ಕೊಂದು ಸಮಾಂತರ. ಹಗ್ಗ ಹಾಕಿ ಅಳೆದರೆ ಸಮ. ಒಳಗಿನದು ಸಮಾಂತರ ಚತುರ್ಭುಜ.

"ಇದು ಹಿಂಗ ಬಂದೈತಿ ಖರೇ, ಯಾವಾಗಲೂ ಬರತೈತೇನ್ರಿ?"

ಕೇಳಿದವನು ಮಗ್ಗಿ ಬಾರದವನೆಂದು ಶಾಲೆಯೆಲ್ಲ ಹೆಸರಾದ ಹುಡುಗ. ಗಣಿತದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ತಿಳಿದಿಲ್ಲ. ಪ್ರಮೇಯ, ಸಾಧನೆ ಎಂದು ನಾವು ಬೋರ್ಡಿನ ಮೇಲೆ ಬರೆಯುವುದೆಲ್ಲ ಈ 'ಯಾವಾಗಲೂ' ಎಂಬ ಒಂದು ಪದಕ್ಕೆ ಕೊಡುವ ಉತ್ತರ. ಬಯಲಿನಲ್ಲಿ ಗೂಟ ಕಿತ್ತು ಕಿತ್ತು ಹೊಡೆದರೆ ಒಂದು ತಾಸಿನಲ್ಲಿ ಐದಾರು ಹೊಲ ನೋಡಬಹುದು. ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಮೂಲೆಯನ್ನು ಅವನ ಕೈಗೆ ಕೊಟ್ಟೆ. ಎಳೆದ. ಹೊಲ ಉದ್ದವಾಯಿತು, ಚಪ್ಪಟೆಯಾಯಿತು, ಒಂದು ಮೂಲೆ ಒಳಕ್ಕೆ ಮಡಚಿ ಬಾಣದ ತುದಿಯಂತಾಯಿತು. ಒಳಗಿನ ಆಕೃತಿ ಮಾತ್ರ ಹಟ ಬಿಡಲಿಲ್ಲ. ಅದನ್ನು ಕೆಡಿಸಬೇಕೆಂದು ಅವನೂ ಹಟ ಹಿಡಿದ. ಮಧ್ಯಾಹ್ನದ ಬಿಸಿಯೂಟದ ಗಂಟೆ ಬಾರಿಸಿದರೂ ಏಳಲಿಲ್ಲ. ಕೊನೆಗೆ ಕೈ ಬಿಟ್ಟು, "ಇದರಾಗ ಏನೋ ಐತ್ರಿ" ಎಂದ. ಫ್ರಾನ್ಸಿನ ಪಿಯೇರ್ ವಾರಿನ್ಯೋನ್ ಎಂಬ ಗಣಿತಜ್ಞನ ಹೆಸರಿನಲ್ಲಿ ಈ ಪ್ರಮೇಯ 1731ರಲ್ಲಿ ಅಚ್ಚಾಯಿತು. ಒಳಗಿನ ಹೊಲದ ವಿಸ್ತೀರ್ಣ ಹೊರಗಿನದರ ಸರಿಯಾಗಿ ಅರ್ಧ ಎಂಬುದೂ ಅದರಲ್ಲೇ ಇದೆ. ಅದನ್ನು ತಿಳಿದಾಗ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಮನೆಯಲ್ಲಿ ಆಗ ಹೊಲದ ಪಾಲಿನ ತಕರಾರು ನಡೆದಿತ್ತೆಂದು ಆಮೇಲೆ ಗೊತ್ತಾಯಿತು.

ಯಂತ್ರ ಅವನಿಗೆ ನೂರಾರು ಹೊಲ ತೋರಿಸಿತು. ಏಕೆ ಹಾಗೆ ಎಂಬುದನ್ನು ತೋರಿಸಲಿಲ್ಲ, ತೋರಿಸಲು ಅದಕ್ಕೆ ಬರುವುದೂ ಇಲ್ಲ. ಹೊಲದ ಮೂಲೆಯಿಂದ ಮೂಲೆಗೆ ಕರ್ಣ ಎಳೆದು ಎರಡು ತ್ರಿಕೋನ ಮಾಡಿ, ಎರಡು ಬದಿಗಳ ಮಧ್ಯಬಿಂದು ಕೂಡಿಸಿದ ಗೆರೆ ಮೂರನೇ ಬದಿಗೆ ಸಮಾಂತರವೂ ಅದರ ಅರ್ಧವೂ ಆಗಿರುತ್ತದೆ ಎಂದು ನೆನಪಿಸಿದೆ. ಅಲ್ಲಿಂದ ಮುಂದಿನ ಹೆಜ್ಜೆ ಮಕ್ಕಳದೇ. ಬಯಲು, ತೆರೆ, ಬೋರ್ಡು ಮೂರೂ ಬೇಕಾದವು, ಅದೇ ಸರದಿಯಲ್ಲಿ ಬೇಕಾದವು. ತೆರೆಯಿಂದಲೇ ಶುರು ಮಾಡಿದ್ದರೆ ಅದೊಂದು ಗಾರುಡಿ ಆಟವಾಗುತ್ತಿತ್ತು.

ಅಂದಹಾಗೆ, ಗುಂಟೆಯ ಆ 33 ಅಡಿಯ ಸರಪಳಿಯ ಕತೆಯನ್ನೂ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ ಭೂಮಿ ಅಳೆಯಲು 66 ಅಡಿಯ ಸರಪಳಿ ಮಾಡಿದ. ನಮ್ಮ ಮೋಜಣಿದಾರರ 33 ಅಡಿ ಅದರ ಅರ್ಧ, ಅದನ್ನು ಹದಿನಾರು ಆಣೆಗಳಾಗಿ ಒಡೆದರು. ಹಳ್ಳಿಯ ಅಜ್ಜ ಇಂದಿಗೂ "ಎರಡು ಎಕರೆ ಹತ್ತು ಗುಂಟೆ ಎಂಟಾಣೆ" ಎನ್ನುವಾಗ ನಾಲ್ಕು ಶತಮಾನದ ತಂತ್ರಜ್ಞಾನವೊಂದು ಅವನ ನಾಲಿಗೆಯ ಮೇಲೆ ಕನ್ನಡವಾಗಿ ಕುಳಿತಿರುತ್ತದೆ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ಬರೆದ. ಗಣಿತ ನಮ್ಮ ಭಾಷೆಗೆ ನಿನ್ನೆ ಮೊನ್ನೆ ಬಂದ ನೆಂಟನಲ್ಲ. ಹಾಗಿದ್ದೂ ನಮ್ಮ ಶಾಲೆಗೆ ಬಂದ ಎಷ್ಟೋ ಸಿ.ಡಿ.ಗಳು, ವಿಡಿಯೊಗಳು ಮಗುವಿಗೆ ಅಪರಿಚಿತವಾದ ಕನ್ನಡದಲ್ಲಿ ಮಾತಾಡುತ್ತಿದ್ದವು. ಅದರಲ್ಲಿ ಹೊಲವಿರಲಿಲ್ಲ, ಬದುವಿರಲಿಲ್ಲ. 'ಕ್ಷೇತ್ರ' ಮಾತ್ರ ಇತ್ತು.

ರಾಮದುರ್ಗದ ನೇಕಾರ ಓಣಿಗಳಿಗೆ ಹೋದಾಗಲೂ ನನಗೆ ಇದೇ ಕಳವಳ. ಸೀರೆಯ ಅಂಚಿನ ಹೂಬಳ್ಳಿಗೆ ತೂತು ಹೊಡೆದ ರಟ್ಟುಗಳ ಮಾಲೆ ಬೇಕು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಮಾಡಿದ ಮಗ್ಗದ ಈ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅಳವಡಿಸಲು ಯೋಚಿಸಿದ. ಇಂದಿನ ಕಂಪ್ಯೂಟರಿನ ವಂಶವೃಕ್ಷದಲ್ಲಿ ಈ ರಟ್ಟಿಗೆ ಮುತ್ತಜ್ಜನ ಸ್ಥಾನವಿದೆ. ಇದೆ, ಇಲ್ಲ, ಒಂದು, ಸೊನ್ನೆ. ಆ ಓಣಿಯ ಮಗು ರಾತ್ರಿಯೆಲ್ಲ ಅದರ ಟಕಟಕ ಕೇಳುತ್ತ ಮಲಗಿ, ಬೆಳಗಾದರೆ ಶಾಲೆಗೆ ಬಂದು ಬೀಗ ಹಾಕಿದ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಇಣುಕುತ್ತದೆ. ಅಪ್ಪನ ಮಗ್ಗ ಮತ್ತು ಆ ಕೋಣೆ ಒಂದೇ ಮನೆತನದವು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ದೂರದಿಂದ ಪಾಠ ಇಳಿಸುವ ಕನಸು ನಮ್ಮ ಕಡೆಗೆ ಹಳೆಯದು. 1975ರ ಆಗಸ್ಟ್ ಒಂದರಂದು ಸೈಟ್ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸಿದರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ ಮತ್ತು ನಮ್ಮ ರಾಮದುರ್ಗದ ಗಡಿಗೆ ತಾಗಿದ ಬಿಜಾಪುರ ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಂಥ ದೊಡ್ಡ ಆಂಟೆನಾ, ಕೆಳಗೆ ನೆಲದ ಮೇಲೆ ಕುಳಿತ ಮಕ್ಕಳು. ವರ್ಷ ಮುಗಿಯಿತು, ಉಪಗ್ರಹ ಬೇರೆ ಕಡೆ ಸರಿಯಿತು. ಆದರೆ ಅದೇ ವರ್ಷ ಟಿ.ವಿ. ಜೊತೆಗೆ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ಕೈಗೆ ಸಿಗುವ ವಸ್ತುಗಳಿಂದಲೇ ವಿಜ್ಞಾನ ಕಲಿಸುವ ತರಬೇತಿಯೂ ಸಿಕ್ಕಿತ್ತು. ಉಪಗ್ರಹ ಹೋದ ಮೇಲೂ ಊರಲ್ಲಿ ಉಳಿದವರು ಅವರು. 2004ರ ಸೆಪ್ಟೆಂಬರ್ 20ರಂದು ನಮ್ಮದೇ ಎಜುಸ್ಯಾಟ್ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಆಕಾಶದಿಂದ ಬಂದ ಪಾಠವನ್ನು ಕೇಳಬಹುದಿತ್ತು. ಕೊನೇ ಬೆಂಚಿನವಳು ಪಿಸುಗುಟ್ಟಿದ್ದನ್ನು ಆಕಾಶ ಕೇಳುವುದು ಕಷ್ಟ.

ಮಲಪ್ರಭೆಯ ಕಾಲುವೆ ಕಂಡವರಿಗೆ 'ಟೇಲೆಂಡ್' ಎಂಬ ಮಾತು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಬಾಯಿಯ ಹೊಲ ಹೆಚ್ಚು ನೀರು ಕುಡಿದು ಸವಳು-ಜವಳು ಹಿಡಿಯುತ್ತದೆ. ಬಾಲದ ಹೊಲ ಕಾಲುವೆಯನ್ನು ನೋಡುತ್ತಲೇ ಒಣಗುತ್ತದೆ. ನೀರು ಕಾಣದ ಹೊಲಕ್ಕೂ ಕರ ಬಿದ್ದಾಗ ಈ ಅಚ್ಚುಕಟ್ಟಿನ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ರೈತರ ಜೀವ ಹೋಯಿತು. ನೀರು ಎಷ್ಟು ಟಿಎಂಸಿ ಇದೆ ಎಂಬುದಷ್ಟೇ ಲೆಕ್ಕವಲ್ಲ, ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂಬುದೂ ಲೆಕ್ಕ ಎಂದು ನಮ್ಮ ನಾಡಿಗೆ ಕಲಿಸಿದ ದಿನ ಅದು.

ನಲವತ್ತು ವರ್ಷಗಳ ನಂತರ, 2020ರಲ್ಲಿ, ಆ ಪಾಠ ಶಾಲೆಗೆ ಬಂತು. ಕೊರೊನಾ ಬಂದು ಬಾಗಿಲು ಹಾಕಿತು. ಅದರ ಹಿಂದಿನ ಆಗಸ್ಟಿನಲ್ಲಷ್ಟೇ ಮಲಪ್ರಭೆ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿದ್ದಳು. ನೆನೆದ ಪುಸ್ತಕಗಳನ್ನು ಬಿಸಿಲಿಗೆ ಹಾಸಿ ಒಣಗಿಸಿಕೊಂಡ ಮಕ್ಕಳು ಇವರು. ಈಗ ಪಾಠ ಫೋನಿಗೆ ಬರುತ್ತದೆ ಎಂದೆವು. ಮನೆಗೊಂದೇ ಫೋನು. ಅದು ಹಗಲೆಲ್ಲ ಅಪ್ಪನ ಕಿಸೆಯಲ್ಲಿ ಹೊಲದಲ್ಲಿರುತ್ತಿತ್ತು. ಸಂಜೆ ಮನೆಗೆ ಬಂದರೆ ಮೊದಲ ಸರದಿ ಅಣ್ಣನದು, ಆಮೇಲೆ ತಮ್ಮನದು. ಹುಡುಗಿಯ ಕೈಗೆ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತಿತ್ತು, ಇಲ್ಲವೇ ರೊಟ್ಟಿ ಬಡಿಯುವ ಹೊತ್ತಾಗಿರುತ್ತಿತ್ತು. ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು, ಟಿ.ವಿ. ಇದ್ದವರಿಗೆ ಆಸರೆಯಾದವು. 'ವಿದ್ಯಾಗಮ' ಬಂದಾಗ ಶಿಕ್ಷಕರು ಗುಡಿಯ ಕಟ್ಟೆಗೆ, ಬೇವಿನ ಮರದ ನೆರಳಿಗೆ ಹೋದರು. ಸೋಂಕಿನ ಭಯದಿಂದ ಕೆಲವೇ ತಿಂಗಳಲ್ಲಿ ಅದೂ ನಿಂತಿತು. ಆದರೆ ಆ ಕಟ್ಟೆಯ ಮೇಲೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುವ ಒಂದೇ ಒಂದು ಟ್ಯಾಬ್ ಇಟ್ಟುಕೊಂಡು, ಹತ್ತು ಮಕ್ಕಳನ್ನು ಸುತ್ತ ಕೂರಿಸಿಕೊಂಡಿದ್ದೆ. ಟ್ಯಾಬನ್ನು ನಾನು ಯಾವಾಗಲೂ ಮೊದಲು ಕೊಟ್ಟದ್ದು ಹಿಂದೆ ಕುಳಿತವರಿಗೆ. ಕಾಲುವೆಯನ್ನು ಬಾಲದಿಂದ ತುಂಬಿಸಲು ಎಂಜಿನಿಯರರಿಗೆ ಸಾಧ್ಯವಿಲ್ಲ. ಶಿಕ್ಷಕನಿಗೆ ಸಾಧ್ಯವಿದೆ.

ಈಗ ಇನ್ನೂ ದೊಡ್ಡದೊಂದು ಬಂದಿದೆ. ಲೆಕ್ಕದ ಪುಟದ ಫೋಟೊ ತೆಗೆದರೆ ಸಾಕು, ಫೋನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸುತ್ತದೆ, ಕನ್ನಡದಲ್ಲೂ ತೋರಿಸುತ್ತದೆ. ನಿವೃತ್ತನಾದರೂ ನನ್ನಲ್ಲಿಗೆ ಸಂಜೆ ಬರುವ ಮಕ್ಕಳಿದ್ದಾರೆ. ಒಬ್ಬಳ ನೋಟ್‌ಬುಕ್ಕಿನಲ್ಲಿ ಹತ್ತು ಲೆಕ್ಕಗಳೂ ಸರಿಯಿದ್ದವು, ಒಂದು ಕಾಟೂ ಇರಲಿಲ್ಲ. ಆ ಸ್ವಚ್ಛತೆ ನೋಡಿ ನನಗೆ ದಿಗಿಲಾಯಿತು. "ಇದನ್ನ ಮಾಡೂ ಮುಂದ ನಿನಗ ಎಷ್ಟು ಬರಬಹುದು ಅನಿಸಿತ್ತು?" ಎಂದು ಕೇಳಿದೆ. ಪ್ರಶ್ನೆಯೇ ಅವಳಿಗೆ ಅರ್ಥವಾಗಲಿಲ್ಲ. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ತಪ್ಪಿದರೆ ನಗುವ ಪಕ್ಕದವರು, ಒಂದು ಅಂಕ ಹೋದರೆ ಮುಖ ಗಂಟಿಕ್ಕುವ ಮನೆಯವರು, ಹತ್ತೂ ಸರಿ ಇದ್ದರೆ ಸಹಿ ಹಾಕಿ ಪುಟ ಮಗುಚುವ ನಮ್ಮಂಥ ಮಾಸ್ತರರು: ಎಲ್ಲರೂ ಸೇರಿ ಅವಳನ್ನು ಆ ಫೋನಿನ ಹಿಂದೆ ಅಡಗಿಸಿದ್ದೇವೆ. ಈಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ತನ್ನ ಊಹೆ ಬರೆಯಬೇಕು, ಆಮೇಲೆ ಬೇಕಿದ್ದರೆ ಫೋನನ್ನು ಕೇಳಲಿ. ಊಹೆಗೂ ಉತ್ತರಕ್ಕೂ ನಡುವೆ ಎಷ್ಟು ದೂರ, ಏಕೆ ದೂರ ಎಂಬುದರ ಮೇಲಷ್ಟೇ ನಮ್ಮ ಮಾತು. ಮೊದಮೊದಲು ಉತ್ತರ ನೋಡಿಯೇ ಊಹೆ ಬರೆಯುತ್ತಿದ್ದಳು. ಅದೂ ನನಗೆ ಗೊತ್ತಾಗುತ್ತಿತ್ತು. ಕಾದೆ.

ಹೋದ ಮಳೆಗಾಲದಲ್ಲಿ ಅವಳನ್ನೂ ಇನ್ನೂ ನಾಲ್ಕಾರು ಮಕ್ಕಳನ್ನೂ ನವಿಲುತೀರ್ಥಕ್ಕೆ ಕರೆದುಕೊಂಡು ಹೋಗಿದ್ದೆ. ನವಿಲಿನ ಕೂಗಿಗೂ ನದಿ ಗುಡ್ಡ ಸೀಳಿದ್ದಕ್ಕೂ ನಂಟು ಕಟ್ಟುವ ಕತೆಗಳು ನಮ್ಮಲ್ಲಿವೆ. ಮೊದಲು ಅವರ ಬಾಯಿಂದಲೇ ಹೇಳಿಸಿದೆ. ಆಮೇಲೆ ಬಂಡೆ ಮುಟ್ಟಿಸಿದೆ. ಗಾಜಿನಂತೆ ಗಟ್ಟಿಯಾದ ಈ ಕಲ್ಲನ್ನು ಭೂವಿಜ್ಞಾನಿಗಳು ಸವದತ್ತಿ ಕ್ವಾರ್ಟ್‌ಜೈಟ್ ಎಂದೇ ಕರೆಯುತ್ತಾರೆ. ಅದರೊಳಗೆ ದಾರಿ ಮಾಡಿಕೊಳ್ಳಲು ನದಿಗೆ ಎಷ್ಟು ಕಾಲ ಬೇಕಾಗಿರಬಹುದು ಎಂದು ಕೇಳಿ, ಉತ್ತರ ಹೇಳದೆ ಬಿಟ್ಟೆ.

ಇಲ್ಲಿ ಅಣೆಕಟ್ಟಿನ ಉದ್ದ ಸುಮಾರು 150 ಮೀಟರ್ ಮಾತ್ರ. ಎರಡು ಗುಡ್ಡಗಳ ನಡುವಿನ ಸಂದಿಗೆ ಇಟ್ಟ ಬಾಗಿಲಿನಂತಿದೆ. ಹಿಂದೆ ಕಣ್ಣು ಮುಟ್ಟುವವರೆಗೆ ರೇಣುಕಾ ಸಾಗರ. ಇಷ್ಟು ಸಣ್ಣ ಗೋಡೆ ಅಷ್ಟು ನೀರನ್ನು ಹೇಗೆ ತಡೆದೀತು? ಹಿಂದೆ ನೀರು ಹೆಚ್ಚು ದೂರ ಹರಡಿದಷ್ಟೂ ಗೋಡೆಯ ಮೇಲೆ ಒತ್ತಡ ಹೆಚ್ಚು ಎಂದು ಎಲ್ಲರೂ ಊಹಿಸಿದರು. ಚೀಲದಿಂದ ನೀರಿನ ಬಾಟಲಿ ತೆಗೆದು, ಮೇಲೆ, ನಡುವೆ, ಕೆಳಗೆ ತೂತು ಮಾಡಿ ತೋರಿಸಿದೆ. ಕೆಳಗಿನ ತೂತಿನಿಂದ ನೀರು ರಭಸವಾಗಿ ಚಿಮ್ಮಿತು. ಆಮೇಲೆ ಫೋನು ತೆಗೆದು, ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ ಫೆಟ್ ಎಂಬ ಅಣಕು ಪ್ರಯೋಗದಲ್ಲಿ ನೀರಿನ ಆಳ ಹೆಚ್ಚು ಕಡಿಮೆ ಮಾಡಿ ಒತ್ತಡದ ಮುಳ್ಳು ತಿರುಗುವುದನ್ನು ಅವರೇ ನೋಡುವಂತೆ ಕೊಟ್ಟೆ. ಲೆಕ್ಕಕ್ಕೆ ಬರುವುದು ಆಳ. ಹಿಂದೆ ಒಂದು ಹರದಾರಿ ನೀರಿರಲಿ, ಹತ್ತು ಹರದಾರಿ ಇರಲಿ, ಆಳ ಅಷ್ಟೇ ಇದ್ದರೆ ಗೋಡೆಗೆ ಒತ್ತಡವೂ ಅಷ್ಟೇ. ಹತ್ತು ಮೀಟರ್ ಆಳಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ. ನಲವತ್ತು ಮೀಟರ್ ಆಳದಲ್ಲಿ ಉಗುರಿನಷ್ಟು ಜಾಗದ ಮೇಲೆ ನಾಲ್ಕು ಕಿಲೊ. ಮಕ್ಕಳು ತಮ್ಮ ಉಗುರು ನೋಡಿಕೊಂಡರು.

ನೋಟ್‌ಬುಕ್ಕಿನ ಹುಡುಗಿ ಮಾತ್ರ ಗೋಡೆಯನ್ನೇ ನೋಡುತ್ತಿದ್ದಳು. ಬೇಸಿಗೆಯಲ್ಲಿ ನೀರು ಇಳಿದ ಗುರುತುಗಳು ಅದರ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದವು.

"ಸರ, ನೀರ ಇಳದ ಮ್ಯಾಲ ಗ್ವಾಡಿಗೆ ದಣಿವಾರತೈತೇನ್ರಿ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಯಾರೂ ನಗಲಿಲ್ಲ. ಒಬ್ಬ ಹುಡುಗ ಫೋನಿನ ಕಡೆ ಕೈ ಚಾಚಿದ. "ತಡಿಯೋ" ಎಂದಳು, "ಮೊದಲ ನಾ ಹೇಳತೇನಿ. ಆರತೈತಿ. ನೀರ ತುಂಬಿದಾಗ ಅದು ಸ್ವಲ್ಪ ಹಿಂದ ಸರಿದಿರಬೇಕು, ಈಗ ನೆಟ್ಟಗಾಗಿರಬೇಕು." ಕಲ್ಲಿನ ಗೋಡೆ ಸರಿಯುವುದುಂಟೇ ಎಂದು ಹುಡುಗ ವಾದಕ್ಕಿಳಿದ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ದೊಡ್ಡ ಅಣೆಕಟ್ಟುಗಳು ತುಂಬಿದಾಗ ಕಣ್ಣಿಗೆ ಕಾಣದಷ್ಟು, ಕೆಲವು ಮಿಲಿಮೀಟರ್, ಬಾಗುತ್ತವೆ. ನೀರು ಇಳಿದಾಗ ಮರಳುತ್ತವೆ. ಅದನ್ನು ಅಳೆಯಲು ಗೋಡೆಯ ಒಡಲಿನಲ್ಲಿ ತಂತಿಗೆ ತೂಗುಗುಂಡು ಕಟ್ಟಿ ಇಳಿಬಿಡುತ್ತಾರೆ, ಗೌಂಡಿಯ ಕೈಯಲ್ಲಿರುವಂಥದ್ದೇ ಗುಂಡು.

ಇದನ್ನು ನಾನು ಇನ್ನೂ ಅವಳಿಗೆ ಹೇಳಿಲ್ಲ. ಜಗುಲಿಯ ಕಂಬಕ್ಕೆ ಒಂದು ದಾರ ಇಳಿಬಿಟ್ಟು ತುದಿಗೆ ಕಲ್ಲು ಕಟ್ಟಿ ಇಟ್ಟಿದ್ದೇನೆ. ನಾಳೆ ಸಂಜೆ ಬರುತ್ತಾಳೆ.